ಹಳದಿಯಾದರೆ ಈ ವಾರ, ಕೆಂಪಾದರೆ ಈಗಲೇ

ಆಗಸ್ಟ್ 3, ಶನಿವಾರ

ಇಂದೂ ಅದೇ. ಕೀ ತಿರುಗಿಸಿದ ಕೂಡಲೇ, ಜಪಾನಿನಿಂದ ಬಂದ ಈ ಹಳೇ ಗಾಡಿಯ ಸ್ಪೀಕರಿನೊಳಗಿನ ಹೆಂಗಸು ಜಪಾನಿಯಲ್ಲಿ ಏನೋ ಹೇಳಿದಳು. ಬಹಳ ವಿನಯದಿಂದ. ಆಮೇಲೆ ಡ್ಯಾಶ್‌ಬೋರ್ಡ್ ತುಂಬ ದೀಪ. ಒಂದೊಂದಾಗಿ ಆರಿ ಕೊನೆಗೆ ಎರಡು ಉಳಿದವು — ಹಳದಿಯದೊಂದು, ನೀಲಿಯದೊಂದು.

ಪುಸ್ತಕ ಕೊಟ್ಟಿದ್ದಾರೆ. ಮುನ್ನೂರು ಪುಟ, ಪೂರ್ತಿ ಜಪಾನಿ.

ಮಾರ್ಕೆಟ್ಟಿಗೆ ಹೋಗುವಷ್ಟರಲ್ಲಿ ನೀಲಿ ತಾನಾಗಿಯೇ ಆರಿತು. ಯಾಕೆ ಹತ್ತಿತು, ಯಾಕೆ ಆರಿತು… ಇಪ್ಪತ್ತು ವರ್ಷದಿಂದ ಹುಡುಗಿಯರಿಗೆ ಲೆಕ್ಕ ಕಲಿಸುತ್ತಿದ್ದೇನೆ. ಎರಡು ದೀಪದ ಉತ್ತರ ಗೊತ್ತಿಲ್ಲ. ನಾಚಿಕೆ.

ಆಗಸ್ಟ್ 4, ಭಾನುವಾರ

ಚರ್ಚ್ ಮುಗಿಸಿ ಲ್ಯಾಕ್ಸನ್ ಅಣ್ಣ ಊಟಕ್ಕೆ ಬಂದ. ನ್ಸಿಮಾ ಮುದ್ದೆ, ಹುರಿದ ಸಣ್ಣ ಮೀನು. ಈ ಗಾಡಿ ಆರಿಸಿಕೊಟ್ಟವನು ಅವನೇ. ಹದಿನೇಳು ವರ್ಷದಿಂದ ಝೋಂಬಾ–ಲಿವೊಂಡೆ ರಸ್ತೆಯಲ್ಲಿ ಮಿನಿಬಸ್ ಓಡಿಸುತ್ತಿರುವವನು, ಹಾಗಾಗಿ ಅವನಿಗೆ ಗೊತ್ತಿಲ್ಲದ್ದು ಇಲ್ಲ.

"ಅವಳು ಏನಂತಾಳೆ ಅಣ್ಣಾ?"

"ಗುಡ್ ಮಾರ್ನಿಂಗ್ ಅಂತಾಳೆ."

"ಸಾಯಂಕಾಲಾನೂ ಅದನ್ನೇ ಅಂತಾಳಲ್ಲ?"

"ಆಗ ಜಪಾನಲ್ಲಿ ಬೆಳಗಾಗಿರುತ್ತೆ ಕಣೇ ಎನೆಲೆಸಿ."

ತಡಲಾ ನಗು ತಡೆಯಲಾರದೆ ತಟ್ಟೆ ಹಿಡಿದು ಒಳಗೋಡಿದಳು. ನಮ್ಮ ಅಕ್ಕನ ಮಗಳು. ಅಕ್ಕ ತೀರಿಕೊಂಡಾಗ ನಾಲ್ಕು ವರ್ಷದವಳು, ಅಂದಿನಿಂದ ನನ್ನ ಮಗಳು. 24ಕ್ಕೆ ಲಿವೊಂಡೆಯಲ್ಲಿ ಮದುವೆ. ಸ್ವಂತ ಗಾಡಿಯಲ್ಲಿ ಕೂರಿಸಿ ಕರೆದೊಯ್ಯಬೇಕೆಂಬ ನನ್ನ ಹಟಕ್ಕೇ ಈ ಗಾಡಿ ಬಂದಿದ್ದು.

ಹೊರಡುವ ಮುಂಚೆ ಅಣ್ಣ ಹಳದಿ ದೀಪದ ಮೇಲೆ ಕರಿ ಟೇಪ್ ಅಂಟಿಸಿದ. ಅರ್ಧ ಡ್ಯಾಶ್‌ಬೋರ್ಡೇ ಮುಚ್ಚಿತು. "ಕಣ್ಣಿಗೆ ಬೀಳ್ಲಿಲ್ಲಾಂದ್ರೆ ಚಿಂತೇನೂ ಇಲ್ಲ."

ಆಗಸ್ಟ್ 9, ಶುಕ್ರವಾರ

ಚಿಂತೆ ಹೋಗಲಿಲ್ಲ. ಟೇಪಿನ ಹಿಂದೆ ಏನು ಉರಿಯುತ್ತಿದೆಯೋ ಎಂದು ಹೆಚ್ಚೇ ಆಯಿತು. ಕಿತ್ತು ಬಿಸಾಡಿ ಮೆಕ್ಯಾನಿಕ್ ಗ್ರೆವಾಜಿಯೊ ಹತ್ತಿರ ಹೋದೆ. ಮಾವಿನ ಮರದ ಕೆಳಗೇ ಅವನ ಗ್ಯಾರೇಜು. ಟೇಪಿನ ಅಂಟು ಮುಟ್ಟಿ ನೋಡಿದ.

"ಇದು ಯಾರ ರಿಪೇರಿ ಟೀಚರಮ್ಮಾ?"

"ನಮ್ಮಣ್ಣಂದು."

"ಹಾಗಾದ್ರೆ ಏನೂ ಅನ್ನಲ್ಲ ಬಿಡಿ."

ಹಳದಿಗೆ ಕಾರಣ ಒಂದು ಸೆನ್ಸರ್. ಒರೆಸಿ ಹಾಕಿದ, ಆರಿತು. ನೀಲಿ ಅಂದರೆ ಎಂಜಿನ್ ಇನ್ನೂ ತಣ್ಣಗಿದೆ ಎಂದರ್ಥ, ಅಷ್ಟೇ. ಎಲ್ಲವನ್ನೂ ಗ್ರಾಫ್ ಪುಸ್ತಕದಲ್ಲಿ ಬರೆದುಕೊಂಡೆ: ಕೆಟಲ್ — ಆಯಿಲ್. ಎರಡು ಕೊಂಬಿನ ಡಬ್ಬಿ — ಬ್ಯಾಟರಿ. ನೀರಲ್ಲಿ ನಿಂತ ಥರ್ಮಾಮೀಟರ್ — ಎಂಜಿನ್ ಕಾದಿದೆ.

"ಇಷ್ಟು ನೆನಪಿಟ್ಕೊಳ್ಳಿ. ಹಳದಿ ಅಂದ್ರೆ ಈ ವಾರ ನನ್ನ ಹತ್ರ ಬನ್ನಿ. ಕೆಂಪು ಅಂದ್ರೆ ಈಗ್ಲೇ ನಿಲ್ಸಿ. ಅದೂ ಇದೂ ಯೋಚ್ನೆ ಮಾಡ್ಬೇಡಿ."

ಆಗಸ್ಟ್ 17, ಶನಿವಾರ

ಒಂದೊಂದು ದೀಪದ ಚಿತ್ರಕ್ಕೂ ಒಂದೊಂದು ಚೀಟಿ ಮಾಡಿ ತಡಲಾಗೆ ಪರೀಕ್ಷೆ ಕೊಟ್ಟೆ. ಹತ್ತಕ್ಕೆ ಒಂಬತ್ತು. "ಚಿಕ್ಕಮ್ಮಾ, ನಂಗೆ ಮದುವೆ ಮಾಡ್ತಿದ್ದೀಯೋ, ಲೈಸೆನ್ಸ್ ಕೊಡ್ತಿದ್ದೀಯೋ?"

ಇನ್ನು ಒಂದೇ ವಾರ. ಇವಳಿಲ್ಲದ ಮನೆ… ಬೇಡ. ಇವತ್ತು ಬೇಡ.

ಆಗಸ್ಟ್ 25, ಭಾನುವಾರ. ಲಿವೊಂಡೆ

ನಿನ್ನೆಯದನ್ನು ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ನೆಂಟರೆಲ್ಲ ಅಣ್ಣನ ಮಿನಿಬಸ್ಸಿನಲ್ಲಿ, ಬೇರೆ ಡ್ರೈವರ್ ಜೊತೆ, ಮೊದಲೇ ಹೋಗಿದ್ದರು. ಗಾಡಿಯಲ್ಲಿ ಮೂವರೇ. ಹಿಂದೆ ತಡಲಾ, ಬಿಳಿ ಗೌನು. ಪಕ್ಕದಲ್ಲಿ ಅಣ್ಣ, ಸೂಟು. ನಮ್ಮಲ್ಲಿ ಸೋದರಮಾವ, ಅಂದರೆ ಇವನೇ, ಬಂದು ಹುಡುಗಿಯ ಕಡೆಯಿಂದ ಮಾತಾಡದೆ ಮದುವೆ ಶುರುವಾಗುವ ಹಾಗಿಲ್ಲ. ಅದನ್ನು ಝೋಂಬಾ ಬಿಟ್ಟಾಗಿನಿಂದ ಹೇಳುತ್ತಲೇ ಇದ್ದ.

ಲಿವೊಂಡೆಗೆ ಐದು ಕಿಲೋಮೀಟರ್ ಇದ್ದಾಗ ಕೊಂಬಿನ ಡಬ್ಬಿ ಹತ್ತಿತು. ಕೆಂಪು. ಸ್ಟೀರಿಂಗ್ ಕಲ್ಲಿನಂತಾಯಿತು. ಆಮೇಲೆ ಥರ್ಮಾಮೀಟರೂ ಕೆಂಪು. ಬದಿಗೆ ಎಳೆದು ಎಂಜಿನ್ ಆರಿಸಿದೆ.

"ಯಾಕೆ ನಿಲ್ಸಿದೆ? ಐದೇ ಕಿಲೋಮೀಟರು, ಹೊಡಿ!"

"ಕೆಂಪು, ಅಣ್ಣಾ."

"ಹದಿನೇಳು ವರ್ಷ ಓಡ್ಸಿದೀನಿ! ಹತ್ತು ಗಂಟೆಗೆ ಮದುವೆ. ಗಂಡಿನ ಕಡೆಯೋರು ಕಾಯ್ತಿದಾರೆ, ಮರ್ಯಾದೆ ಹೋಗುತ್ತೆ. ಕೀ ಕೊಡು ಇಲ್ಲಿ!"

ನಲವತ್ತೇಳು ವರ್ಷದಲ್ಲಿ ಅಣ್ಣನಿಗೆ ಒಮ್ಮೆಯೂ ಎದುರಾಡಿದವಳಲ್ಲ. ನನ್ನದೇ ತಪ್ಪಾಗಿದ್ದರೆ? ಮಗುವಿನ ಮದುವೆ ನನ್ನ ಹಟಕ್ಕೆ ತಡವಾದರೆ? ಕೀ ತೆಗೆದು ರವಿಕೆಯೊಳಗೆ ಹಾಕಿಕೊಂಡೆ.

"ನಾನಿಲ್ದೆ ಮದುವೆ ಶುರುವಾಗಲ್ಲ, ಗೊತ್ತಾ?" ಎಂದು ಕೂಗಾಡಿದ.

"ಮತ್ತೆ ಭಯ ಯಾಕೆ? ನೀನು ಹೋಗೋ ತನಕ ಕಾಯ್ತಾರೆ."

ತಡಲಾಳೇ ಮೊದಲು ನಕ್ಕಿದ್ದು. ಬಾಗಿಲು ತೆಗೆದು ಗೌನು ಎತ್ತಿ ಹಿಡಿದು ರಸ್ತೆಗಿಳಿದಳು. ಮಿನಿಬಸ್ಸಿನವರಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ, ಅಲ್ಲಿ ಹಾಡು ಶುರುವಾಗಿರಬೇಕು. ಅಷ್ಟರಲ್ಲಿ ಕಬಾಜಾದವರು ಬಂದರು — ಹಿಂದಿನ ಕ್ಯಾರಿಯರಿಗೆ ಮೆತ್ತೆ ಕಟ್ಟಿಕೊಂಡು ಬಾಡಿಗೆ ಓಡಿಸುವ ಸೈಕಲ್ಲಿನವರು. ಮೂವರು. "ಮದುಮಗಳಾ? ಹತ್ತಮ್ಮಾ, ಹತ್ತು!"

ತಡಲಾ ಮುಂದೆ, ಗೌನಿನ ಬಾಲ ತೋಳಿಗೆ ಸುತ್ತಿಕೊಂಡು. ನಾನು ಹಿಂದೆ. ಎಲ್ಲರಿಗಿಂತ ಹಿಂದೆ ಅಣ್ಣ. ಏರಿನಲ್ಲಿ ಅವನ ಸೈಕಲ್ಲಿನವನು ನಿಂತುಬಿಟ್ಟ. "ಸಾರ್, ಸ್ವಲ್ಪ ಇಳೀತೀರಾ? ಇಲ್ಲಾಂದ್ರೆ ನೀವು ಓಡ್ಸಿ, ನಾನು ಕೂರ್ತೀನಿ." ಅಣ್ಣ ಇಳಿದು, ಸೂಟು ಬೆವರಲ್ಲಿ ತೋಯಿಸಿಕೊಂಡು ಸೈಕಲ್ಲನ್ನು ಹಿಂದಿನಿಂದ ತಳ್ಳಿದ.

ದಾರಿಯುದ್ದಕ್ಕೂ ಟೊಮ್ಯಾಟೊ ಮಾರುವ ಹೆಂಗಸರು ಎದ್ದು ನಿಂತು ನಾಲಗೆ ಆಡಿಸಿ ಉಲುಲು ಎಂದು ಹರ್ಷದ ಕೂಗು ಹಾಕಿದರು. ಎಲ್ಲೆಲ್ಲಿಂದಲೋ ಇನ್ನಷ್ಟು ಸೈಕಲ್ಲು ಸೇರಿಕೊಂಡವು. ಚರ್ಚಿನ ಬಾಗಿಲಿಗೆ ಬಂದಾಗ ಎಣಿಸಿದೆ, ಇಪ್ಪತ್ತಾರು, ಎಲ್ಲರೂ ಗಂಟೆ ಬಾರಿಸುತ್ತಿದ್ದರು. ಮದುಮಗ ಮೆಟ್ಟಿಲಿಳಿದು ಓಡಿ ಬಂದ. ನಲವತ್ತು ನಿಮಿಷ ತಡ. ಅವನ ಸೋದರತ್ತೆಯರು ಮುಖ ಬಿಗಿದುಕೊಂಡೇ ಬಂದರು, ಇವಳ ಕೆದರಿದ ಕೂದಲು, ಕೆಂಪು ಧೂಳಡರಿದ ಗೌನು, ನಗುವ ಬಾಯಿ ನೋಡಿದರು… ಮತ್ತೆ ಅವರೇ ಹಾಡು ಎತ್ತಿದರು.

ಅಣ್ಣ ಹುಡುಗಿಯ ಪರವಾಗಿ ಚೆನ್ನಾಗಿಯೇ ಮಾತಾಡಿದ. ನನ್ನೊಂದಿಗೆ ಮಾತ್ರ ಇಡೀ ದಿನ ಮಾತಿಲ್ಲ.

ಆಗಸ್ಟ್ 26, ಸೋಮವಾರ

ಝೋಂಬಾದಿಂದ ಗ್ರೆವಾಜಿಯೊನನ್ನು ಕರೆಸಿ ಗಾಡಿಯ ಬಳಿ ಹೋದೆವು. ಅಣ್ಣನೂ ಬಂದ, ದೂರ ನಿಂತ. ಬ್ಯಾಟರಿ, ಸ್ಟೀರಿಂಗ್, ನೀರಿನ ಪಂಪು, ಮೂರಕ್ಕೂ ಒಂದೇ ಬೆಲ್ಟ್, ಅದು ತುಂಡಾಗಿತ್ತು.

"ಇನ್ನು ಐದು ಕಿಲೋಮೀಟರ್ ಓಡ್ಸಿದ್ರೆ ಎಂಜಿನ್ನು ಗುಜರಿಗೆ," ಎಂದ ಗ್ರೆವಾಜಿಯೊ. "ಯಾರು ನಿಲ್ಸಿದ್ದು?"

ನಾನು ಬಾಯಿ ತೆರೆಯುವ ಮುಂಚೆ ಅಣ್ಣ ಹೇಳಿದ: "ನನ್ನ ತಂಗಿ."

ಅಷ್ಟೇ. ಸಾಕು.

ಆಗಸ್ಟ್ 31, ಶನಿವಾರ. ಬೆಳಗ್ಗೆ ಎಂಟು

ತಡಲಾ ಫೋನ್ ಮಾಡಿದ್ದಳು. ಗಂಡನಿಗೂ ಚೀಟಿ ಪರೀಕ್ಷೆಯಂತೆ, ಹತ್ತಕ್ಕೆ ನಾಲ್ಕು. ಮನೆ ಖಾಲಿ ಇದೆ, ನಿಜ. ಆದರೆ ನಿನ್ನೆಯಿಂದ ಮೂರು ಜನ ಟೀಚರುಗಳು ತಮ್ಮ ಗಾಡಿಯ ದೀಪ ನೋಡಿ ಹೇಳು ಅಂತ—

ಗೇಟಿನಲ್ಲಿ ಹಾರ್ನ್. ಅಣ್ಣನ ಮಿನಿಬಸ್ಸು, ಹದಿನಾಲ್ಕು ಪ್ರಯಾಣಿಕರ ಸಮೇತ.

"ಎನೆಲೆಸೀ! ಬೈಬೇಡ. ಒಂದು ಕೆಂಪು ಕೆಟಲ್ ಹತ್ತಿದೆ, ಏನದು?"

ಎಂಜಿನ್ ಇನ್ನೂ ಓಡುತ್ತಿದೆ! ಆರಿಸೋ ಮಾರಾಯಾ ಅಂತ ಕಿಟಕಿಯಿಂದಲೇ ಕೂಗಿದೆ, ಕೇಳಿಸುತ್ತಿಲ್ಲ, ನಾನೇ ಹೋಗಿ ಕೀ ತೆಗೆಯಬೇಕು—