ನನ್ನ ಮಗಳ ಕರಡಿಗೆ ನಿಮ್ಮ ಬೀರುವಿನಲ್ಲಿದ್ದ ಮೂರು ದಿನ

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ಸಾಯುತ್ತಿದ್ದ ಹೆಂಡತಿಯ ಇಷ್ಟಲಿಂಗವನ್ನು ಗಂಡನ ಕೈಗೆ ಕೊಡಲು ನಿಮ್ಮ ಆಸ್ಪತ್ರೆ ಮೂರು ದಿನ ನಿರಾಕರಿಸಿತು. ಆಕೆ ಸತ್ತ ಒಂದು ಗಂಟೆಯೊಳಗೆ ಅದೇ ಗಂಡನಿಗೆ ತಾನಾಗಿಯೇ ತಂದೊಪ್ಪಿಸಿತು. ಇದು ನನ್ನ ದೂರು. ಇದಕ್ಕೆ ನಿಮ್ಮ ಕಚೇರಿಯಿಂದ ಬಂದ ಉತ್ತರ ಮೂರೇ ಪದ: ‘ನಿಯಮಾನುಸಾರ ಕ್ರಮ ಜರುಗಿಸಲಾಗಿದೆ.’ ಇನ್ನು ನಿಮಗೆ ಖಾಸಗಿಯಾಗಿ ಬರೆಯುವುದು ಅಂಚೆಚೀಟಿಗೆ ಮಾಡುವ ಅವಮಾನ. ಊರೇ ಓದಲಿ.

ನನ್ನ ಮಗಳು ದಾಕ್ಷಾಯಣಿಗೆ ಮೂವತ್ತಾರು ವರ್ಷ. ಹೊಟ್ಟೆಯ ಕ್ಯಾನ್ಸರ್ ಯಕೃತ್ತಿಗೂ ಹಬ್ಬಿತ್ತು. ಎರಡನೇ ಮಹಡಿಯ ವಾರ್ಡಿನಲ್ಲಿ ಹತ್ತೊಂಬತ್ತು ದಿನ ಆಕೆಯನ್ನು ನೋಡಿಕೊಂಡವನು ಗಂಡ ಅಮರೇಶ. ಲೇತ್ ಯಂತ್ರದ ಮುಂದೆ ಒರಟಾದ ಕೈಗಳಿಂದ ಅವಳ ತಲೆ ಬಾಚಿದ, ವಾಂತಿಯ ಬೇಸನ್ ತೊಳೆದ, ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿದ. ನಿಮ್ಮ ಸಿಬ್ಬಂದಿಯ ಕೆಲಸವಾದ್ದರಿಂದ ಇದನ್ನೆಲ್ಲ ತಮ್ಮ ಗಮನಕ್ಕೆ ತರುತ್ತಿದ್ದೇನೆ.

ಒಂದು ಮಂಗಳವಾರ ಸ್ಕ್ಯಾನಿಂಗಿಗೆಂದು ಅವಳ ಕೊರಳಿನಿಂದ ಇಷ್ಟಲಿಂಗದ ಕರಡಿಗೆಯನ್ನು ತೆಗೆಸಿದರು. ತೆಗೆಸಬೇಕಾದದ್ದೇ, ತಕರಾರಿಲ್ಲ. ಕರಡಿಗೆ ಬೆಳ್ಳಿಯದು, ಆದ್ದರಿಂದ ‘ಬೆಲೆಬಾಳುವ ವಸ್ತು’ ಎಂದು ಅವಳಿಂದ ಸಹಿ ಪಡೆದು ಕೆಳಗಿನ ಕಚೇರಿಯ ಬೀರುವಿಗೆ ಸೇರಿಸಿದರು. ಒಳಗಿದ್ದ ಲಿಂಗದ ಬೆಲೆ ಯಾವ ನಮೂನೆಯಲ್ಲಿಯೂ ಇರಲಿಲ್ಲ. ಎಂಟನೆಯ ವಯಸ್ಸಿನಿಂದ ಲಿಂಗಪೂಜೆಯಿಲ್ಲದೆ ಅವಳು ತೊಟ್ಟು ನೀರು ಮುಟ್ಟಿದವಳಲ್ಲ. ಸ್ಕ್ಯಾನ್ ಮುಗಿದು ಅಮರೇಶ ಕೇಳಲು ಹೋದಾಗ ನಿಮ್ಮ ಗುಮಾಸ್ತರು ಹೇಳಿದ್ದಿಷ್ಟು: “ಪೇಷೆಂಟೇ ಬರ್ಬೇಕು ಕಣ್ರೀ. ಹನ್ನೊಂದರಿಂದ ಒಂದು ಗಂಟೆ. ಗಂಡ ಅಂತ ಯಾರ್ ಬೇಕಾದ್ರೂ ಬರ್ತಾರೆ.”

ಅಂದಿನಿಂದ ಅವಳು ಗಂಜಿ ಬಿಟ್ಟಳು, ನೀರು ಬಿಟ್ಟಳು. ಒದ್ದೆ ಹತ್ತಿಯಿಂದ ತುಟಿ ಒರೆಸಲು ಹೋದರೆ ಮುಖ ತಿರುಗಿಸಿದಳು. ಅಮರೇಶ ತನ್ನ ಇಷ್ಟಲಿಂಗವನ್ನೇ ಅವಳ ಅಂಗೈಯಲ್ಲಿ ಇಡಲು ಹೋದ. ಆ ಸ್ಥಿತಿಯಲ್ಲಿಯೂ ನಕ್ಕಳು. “ಇದೇನ್ ಛತ್ರಿನೇನ್ರೀ, ಒಬ್ಬರದು ಇನ್ನೊಬ್ಬರು ಹಿಡಿಯೋಕೆ? ನಂದು ತಂದ್ಕೊಡಿ, ಸಾಕು.”

“ಮಾವ, ಸಾಹೇಬ್ರ ಮನೆಗೇ ಹೋಗಿ ಕಾಲಿಗೆ ಬಿದ್ದು ಬರ್ತೀನಿ” ಎಂದ ಅಮರೇಶ. ತಡೆದವನು ನಾನು. ಕಾಲೇಜಿನ ಚರ್ಚಾಕೂಟಗಳಲ್ಲಿ ‘ಕಾನೂನೇ ನಾಗರಿಕತೆಯ ಬೆನ್ನೆಲುಬು’ ಎಂದು ವಾದಿಸಿ ಬಹುಮಾನ ಗೆದ್ದವನು. “ಬೇಡ ಕಣಪ್ಪ, ಅರ್ಜಿ ಕೊಡೋಣ” ಎಂದೆ. ಬುಧವಾರ ಮೂರು ಪುಟ ಬರೆದೆ. ಪೂರ್ವಪಕ್ಷ, ಸಮಾಧಾನ, ಉಪಸಂಹಾರ, ಎಲ್ಲವೂ ಇದ್ದವು. ತಾವು ಮೀಟಿಂಗಿನಲ್ಲಿದ್ದಿರಿ. ಒಂದು ಇಡೀ ದಿನ ನನ್ನ ವಾಕ್ಚಾತುರ್ಯಕ್ಕೆ ಬಲಿಯಾಯಿತು. ಆ ತಪ್ಪು ನನ್ನದು. ಅದರಲ್ಲಿ ನಿಮಗೆ ಪಾಲು ಕೊಡುವುದಿಲ್ಲ.

ಗುರುವಾರ ಲಿಫ್ಟ್ ಕೆಟ್ಟಿತ್ತು. ಅಮರೇಶ ಅವಳನ್ನು ಎತ್ತಿಕೊಂಡು ಎರಡು ಮಹಡಿ ಇಳಿದ. ಡ್ರಿಪ್ಪಿನ ಬಾಟಲಿಯನ್ನು ಎತ್ತಿ ಹಿಡಿದು ಆಯಾ ಪುಟ್ಟಲಿಂಗಮ್ಮ ಹಿಂದೆಯೇ ಬಂದಳು. “ಬೀಗದ್ ಕೈ ನನ್ ತಾವಿದ್ದಿದ್ರೆ ಯಾವತ್ತೋ ತಂದ್ಕೊಟ್ಬುಡ್ತಿದ್ದೆ ಕಣವ್ವ” ಎಂದು ದಾರಿಯುದ್ದಕ್ಕೂ ಗೊಣಗಿದಳು. ಮಗಳು ನಡುಗುತ್ತ ಸಹಿ ಹಾಕಿದಳು. ಗುಮಾಸ್ತರು ಮಂಗಳವಾರದ ಸಹಿಯನ್ನು ಪಕ್ಕದಲ್ಲಿಟ್ಟು ನೋಡಿದರು.

“ತಾಳೆ ಆಗ್ತಿಲ್ವಲ್ಲಮ್ಮ.”

“ಹೆಬ್ಬೆಟ್ಟು ಒತ್ತಿಸಿಕೊಳ್ಳಿ” ಎಂದೆ.

“ಓದು ಬಂದೋರ ಹೆಬ್ಬೆಟ್ಟು ತಗೊಳೋಕಾಗಲ್ಲ ಸಾರ್. ನಾಳೆ ಬನ್ನಿ, ಸ್ವಲ್ಪ ಸುಧಾರಿಸ್ಕೊಂಡು.”

ಯಕೃತ್ತು ಕೊಳೆತವಳಿಗೆ ಸುಧಾರಿಸಿಕೊಂಡು ಬರಲು ಹೇಳುವ ಈ ವೈದ್ಯಕೀಯ ಜ್ಞಾನವನ್ನು ತಮ್ಮ ಗುಮಾಸ್ತರಿಗೆ ಯಾರು ಬೋಧಿಸಿದರು? ಅಮರೇಶ ಅವಳನ್ನು ಹೊತ್ತು ಮತ್ತೆ ಮೆಟ್ಟಿಲು ಹತ್ತಿದ.

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ತೀರಿಹೋದಳು, ನೀರಿಲ್ಲದೆ. ಹತ್ತೂಕಾಲಿಗೆ ನಿಮ್ಮ ಜವಾನ ಶಾಮಣ್ಣ ಕರಡಿಗೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಹನ್ನೊಂದು ಗಂಟೆಗೂ ಕಾಯಲಿಲ್ಲ. “ವಾರಸುದಾರ್ರು ಯಾರು? ಇಲ್ಲೊಂದ್ ಸೈನ್ ಹಾಕಿ.” ಅಮರೇಶ ಹಾಕಿದ. ಯಾವುದರೊಂದಿಗೂ ತಾಳೆ ನೋಡಲಿಲ್ಲ.

ಈಗ ವಾದಕ್ಕೆ ಬರುತ್ತೇನೆ. ಆ ನಿಯಮ ರೋಗಿಯ ಆಸ್ತಿಯನ್ನು ಕಾಯುತ್ತದೆ ಎನ್ನುವಿರಿ. ಯಾರಿಂದ? ಗಂಡನಿಂದಲೇ? ಚಿಕಿತ್ಸೆಯಲ್ಲಿ ಜೀವ ಹೋದರೆ ಆಸ್ಪತ್ರೆ ಹೊಣೆಯಲ್ಲ ಎಂಬ ಕಾಗದಕ್ಕೆ ಮೊದಲ ದಿನವೇ ಇದೇ ಅಮರೇಶನ ಸಹಿ ಪಡೆದಿರಲ್ಲ! ಹೆಂಡತಿಯ ಪ್ರಾಣವನ್ನು ಬರೆದುಕೊಡಲು ಯೋಗ್ಯನಾದವನು ಅವಳ ಕೊರಳಿನದನ್ನು ಹಿಂದಕ್ಕೆ ಪಡೆಯಲು ಅಯೋಗ್ಯನಾದದ್ದು ಹೇಗೆ? ಬದುಕಿರುವವರೆಗೆ ಅನುಮಾನಿತ, ಸತ್ತ ಕೂಡಲೇ ವಾರಸುದಾರ. ನಿಮ್ಮ ಕಚೇರಿಯಲ್ಲಿ ಕೆಲಸ ಬೇಗ ಆಗಬೇಕಾದರೆ ಸಾಯಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೆ? ನಾನು ಕೋಪಗೊಂಡಿಲ್ಲ, ಸ್ವಾಮಿ. ಕೋಪ ಸಮಾನರ ಮೇಲೆ ಬರುತ್ತದೆ. ನನಗೆ ಹೇಸಿಗೆಯಾಗಿದೆ.

ಮಣ್ಣು ಮಾಡುವ ಹೊತ್ತಿಗಾದರೂ ಕರಡಿಗೆ ಸಿಕ್ಕಿತಲ್ಲ ಎಂದು ಬಂಧುಗಳು ಸಮಾಧಾನ ಹೇಳಿದರು. ಸಂಪ್ರದಾಯದಂತೆ ಲಿಂಗವನ್ನು ಅವಳ ಎಡ ಅಂಗೈಯಲ್ಲಿಟ್ಟು ಬೆರಳು ಮಡಿಸಿದವನು ಅಮರೇಶ. ಸೆಟೆದ ಬೆರಳು ಸುಲಭಕ್ಕೆ ಬಾಗುತ್ತಿರಲಿಲ್ಲ.

ನನಗೆ ಕ್ಷಮಾಪಣೆ ಬೇಡ, ಗುಮಾಸ್ತರ ಅಮಾನತೂ ಬೇಡ. ಲಿಂಗವಾಗಲಿ, ತಾಳಿಯಾಗಲಿ, ತಾಯಿತವಾಗಲಿ, ಶಿಲುಬೆಯಾಗಲಿ, ಸ್ಕ್ಯಾನಿಂಗ್ ಕೊಠಡಿಯ ಬಾಗಿಲಲ್ಲಿ ತೆಗೆದದ್ದನ್ನು ಅಲ್ಲಿಯೇ ರೋಗಿಯ ಜೊತೆಗಿದ್ದವರ ಕೈಗೆ ಕೊಡತಕ್ಕದ್ದು ಎಂದು ಒಂದು ಆದೇಶ ಹೊರಡಿಸಿ, ಆ ಬಾಗಿಲಿಗೇ ಅಂಟಿಸಿ. ಬರುವ ಸೋಮವಾರ ಓದಲು ಬರುತ್ತೇನೆ. ಇರದಿದ್ದರೆ ಮರುದಿನವೂ ಬರುತ್ತೇನೆ. ನನಗೀಗ ಬೇರೆ ಕೆಲಸವಿಲ್ಲ.

ಇಂತಿ,
ತೀರ ತಡವಾಗಿ ಅವಿಧೇಯನಾದ,
ಪ್ರಭುಸ್ವಾಮಿ
ರಾಮಕೃಷ್ಣನಗರ, ಮೈಸೂರು
ನವೆಂಬರ್ ೧೯೯೮