ಪೂಜೆ ಮುಗಿಯುವವರೆಗೆ

ರಾಜಾಜಿನಗರ, ಬೆಂಗಳೂರು
12 ಜೂನ್ 1977

ಪ್ರೀತಿಯ ಕಲ್ಯಾಣಿ,

ಯುಗಾದಿಯ ಹೊತ್ತಿಗೆ ಬಂದ ನಿನ್ನ ಕಾಗದಕ್ಕೆ ಮಳೆಗಾಲ ಹಿಡಿದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈದುಕೊಂಡಿರುತ್ತೀ, ಬೈದುಕೋ. ಮೊದಲು ನಮ್ಮ ಹಳೆಯ ಅಭ್ಯಾಸದಂತೆ ಇಂಗ್ಲಿಷಿನಲ್ಲಿ ಶುರುಮಾಡಿದ್ದೆ. ಓದಿ ನೋಡಿದರೆ ಕಾನ್ವೆಂಟಿನ ಸಿಸ್ಟರಿಗೆ ಒಪ್ಪಿಸುವ ಪ್ರಬಂಧದ ಹಾಗಿತ್ತು. ಹರಿದು ಹಾಕಿದೆ.

ಚನ್ನವೀರಪ್ಪನವರ ಬಲಗೈ ಇನ್ನೂ ಏಳುತ್ತಿಲ್ಲ ಎಂದು ಬರೆದಿದ್ದೀ. ಲಕ್ವ ಹೊಡೆದು ಮಲಗಿದ ಗಂಡನನ್ನು ಎರಡನೇ ವರ್ಷವೂ ಎತ್ತಿ ಕೂರಿಸಿ ಉಣ್ಣಿಸುವುದು ಏನೆಂದು ನನಗೆ ಗೊತ್ತಿಲ್ಲ. ಗೊತ್ತಿರುವವಳಂತೆ ಬರೆಯಲಾರೆ. "ನಿನ್ನವರು ಜೈಲಿನಲ್ಲಿದ್ದಾಗ ನೀನು ಅಷ್ಟು ಶಾಂತವಾಗಿ ಹೇಗಿದ್ದೆ, ನನಗೂ ಹೇಳಿಕೊಡು" ಎಂದು ಕೇಳಿದ್ದೀ. ತಡವಾದದ್ದು ಈ ಪ್ರಶ್ನೆಯಿಂದಲೇ.

ಮೊದಲಿಗೆ ಶಾಂತಿ ಇರಲೇ ಇಲ್ಲ ಕಣೇ. ತುರ್ತುಪರಿಸ್ಥಿತಿ ಬಂದ ಹೊಸತರಲ್ಲೇ ಕಾರ್ಖಾನೆಯ ಯೂನಿಯನ್ನಿನವರ ಜೊತೆ ಇವರನ್ನೂ ಹಿಡಿದು ಬಳ್ಳಾರಿಗೆ ಕಳಿಸಿದರು. ಯಾವಾಗ ಬಿಡುತ್ತಾರೆ ಎಂದು ಹೇಳುವವರು ಯಾರೂ ಇರಲಿಲ್ಲ. ಮಕ್ಕಳಿಲ್ಲದ ಮನೆ. ಬೀದಿಯಲ್ಲಿ ಜೀಪಿನ ಸದ್ದಾದರೆ ಕಿಟಕಿಗೆ ಓಡುತ್ತಿದ್ದೆ. ಶಾಲೆಯಲ್ಲಿ ಪಾಠ ಹೇಳುವಾಗಲೂ ಕಿವಿ ಹೊರಗೆ. ಪಕ್ಕದ ಮನೆಯ ಇಂದ್ರಮ್ಮ ನಲ್ಲಿಯ ಹತ್ತಿರ ಎಲ್ಲರ ಮುಂದೆ, "ಏನ್ರೀ ಗಿರಿಜಮ್ಮ, ಯಜಮಾನ್ರು ಇನ್ನೂ ಟೂರಲ್ಲೇ ಇದಾರಾ? ಒಳ್ಳೆ ಆಫೀಸು ಬಿಡಿ, ಊಟ ತಿಂಡಿ ಎಲ್ಲ ಅವ್ರದ್ದೇ" ಎನ್ನುತ್ತಿದ್ದಳು. ನನಗೆ ಜ್ವರ ಬಂದಾಗ ಗಂಜಿ ಮಾಡಿ ತಂದವಳೂ ಅವಳೇ, ಅದನ್ನೂ ಹೇಳಬೇಕು.

ಆ ಜ್ವರದಿಂದ ಎದ್ದ ಮೇಲೆ ಲಿಂಗಪೂಜೆಗೆ ಕೂತೆ. ನಗಬೇಡ. ಕೊರಳಿನ ಲಿಂಗ ಯಾರಿಗೂ ಕಾಣದಂತೆ ಯೂನಿಫಾರಮ್ಮಿನ ಕಾಲರಿನೊಳಗೆ ತಳ್ಳಿಕೊಳ್ಳುತ್ತಿದ್ದವರು ನಾವು. ಪೂಜೆ ನಮ್ಮ ಅಮ್ಮಂದಿರ ಕೆಲಸ ಎಂದುಕೊಂಡಿದ್ದೆವು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಅದನ್ನೇ ನೋಡುತ್ತ ಕೂರುವುದು, ಅಷ್ಟೇ. ಮೊದಮೊದಲು ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ಬೆಳಕು ಗಿಳಕು ಏನೂ ಕಾಣಲಿಲ್ಲ. ಆದರೆ ಬರಬರುತ್ತ, ಕೂತಿರುವಷ್ಟು ಹೊತ್ತು ನಾನು ಯಾರಿಗೂ ಕಾಯುತ್ತಿರಲಿಲ್ಲ. ಆಮೇಲೆ, ಎದ್ದ ಮೇಲೂ ಕಾಯುತ್ತಿರಲಿಲ್ಲ. ಜೀಪು ಬಂದರೆ ಬಂತು, ಹೋದರೆ ಹೋಯಿತು. ಊಟ ರುಚಿಸಿತು, ನಿದ್ದೆ ಬಂತು. ನೀನು ಕೇಳುವ ಶಾಂತಿ ಅದೇ.

ಈ ಫೆಬ್ರವರಿಯಲ್ಲಿ ಇವರನ್ನು ಇದ್ದಕ್ಕಿದ್ದಂತೆ ಬಿಟ್ಟರು. ಬಸ್ಸಿಳಿದು ಬೆಳಿಗ್ಗೆ ಮನೆ ಮುಟ್ಟಿದಾಗ ನಾನು ಪೂಜೆಯಲ್ಲಿದ್ದೆ. ಕಿಟಕಿಯಿಂದ ನೋಡಿದರಂತೆ. ಬಾಗಿಲು ತಟ್ಟಲಿಲ್ಲ. ಹಾಲಿಗೆ ಹೊರಟ ಇಂದ್ರಮ್ಮ ಕಂಡು, "ಅಯ್ಯೋ ಸಾರ್, ನಿಮ್ಮನೆ ಮುಂದೆ ನೀವೇ ನೆಂಟರ ಥರ ಕೂತಿದೀರಲ್ಲ. ಕರೀಲಾ?" ಎಂದಳಂತೆ. "ಬ್ಯಾಡ್ರೀ, ಪೂಜಿ ಮುಗೀಲಿ" ಎಂದರಂತೆ. ನನಗೆ ಒಂದೂ ಕೇಳಿಸಲಿಲ್ಲ. ಎದ್ದು ಪೇಪರ್ ತೆಗೆದುಕೊಳ್ಳಲು ಬಾಗಿಲು ತೆರೆದರೆ, ಮೆಟ್ಟಿಲ ಮೇಲೆ ತಲೆ ನರೆತ ಒಬ್ಬರು ಬೆನ್ನು ಮಾಡಿ ಕೂತಿದ್ದರು. "ಯಾರು ಬೇಕಿತ್ತು?" ಎಂದು ಕೇಳಿದೆ, ಕಲ್ಯಾಣಿ.

ಕಾಫಿ ಕೊಡುವಾಗ ಯಾಕೆ ಕರೆಯಲಿಲ್ಲ ಎಂದೆ. "ನೀ ಭಾಳ ಆರಾಮ ಕುಂತಿದ್ದಿ. ನಾ ಇದ್ದಾಗ ಎಂದೂ ಹಂಗ ಕುಂತಾಕಿ ಅಲ್ಲ" ಎಂದರು, ನಗುತ್ತಲೇ. ಕಾಫಿ ಮುಗಿಸಿ, "ಅಲ್ಲೆ ನನ್ನ ಜೀವಾ ಹಿಡದಿಟ್ಟದ್ದು ಒಂದ ವಿಚಾರ. ನೀ ಕಿಟಕ್ಯಾಗ ನಿಂತು ಹಾದಿ ನೋಡ್ತಿರ್ತಿ ಅಂತ" ಎಂದರು. ಆಮೇಲೆ ಲೋಟವನ್ನು ತಾವೇ ತೊಳೆದು ಬೋರಲು ಹಾಕಿದರು. ಅದನ್ನು ಅಲ್ಲಿ ಕಲಿತಿದ್ದಾರೆ.

ನಾವು ಜಗಳವಾಡುವುದಿಲ್ಲ. ಆದರೆ ತಮ್ಮದೇ ರೇಡಿಯೋ ಹಾಕಲು ಇವರು "ಹಚ್ಚಲೇನು?" ಎಂದು ನನ್ನನ್ನು ಕೇಳುತ್ತಾರೆ. ನಾನು ಯಾವುದಕ್ಕೆ ಕ್ಷಮೆ ಕೇಳಬೇಕೋ ತಿಳಿಯುತ್ತಿಲ್ಲ. ಹಾಗೆ ಕೂರದಿದ್ದರೆ ನಾನು ಉಳಿಯುತ್ತಿರಲಿಲ್ಲ. ಉಳಿಯುವ ಭರದಲ್ಲಿ ಇವರಿಗೊಂದು ಜಾಗ ಇಟ್ಟುಕೊಂಡಿರಲಿಲ್ಲ ಎನ್ನುವುದೂ ಸುಳ್ಳಲ್ಲ.

ಆದ್ದರಿಂದ ನೀನು ಕೂರುವುದಾದರೆ ಕೂರು, ಬೇಡವೆನ್ನುವುದಿಲ್ಲ. ಆದರೆ ಬೇರೆ ಕೋಣೆಯಲ್ಲಿ ಬೇಡ. ಅವರ ಕೆಮ್ಮು ಕೇಳಿಸುವಷ್ಟು ಹತ್ತಿರ ಕೂರು. ಕರೆದರೆ ಅರ್ಧಕ್ಕೇ ಏಳು. ಸಿಡುಕಿಕೊಂಡಾದರೂ ಏಳು.

ಚನ್ನವೀರಪ್ಪನವರಿಗೆ ನಮ್ಮಿಬ್ಬರ ನಮಸ್ಕಾರ. ನಿನ್ನ ಮಗಳು ಅಪ್ಪನ ಕೈ ಹಿಡಿದು ಅಕ್ಷರ ಬರೆಸುತ್ತಾಳೆ ಎಂದೆಯಲ್ಲ, ಅವಳು ನೂರು ಕಾಲ ಚೆನ್ನಾಗಿರಲಿ. ಆ ಕೈ ತಾನಾಗಿ ಒಂದು ಸಾಲು ಬರೆದ ದಿನ ನನಗೆ ಆ ಹಾಳೆಯನ್ನೇ ಕಳಿಸು.

ನಿನ್ನ
ಗಿರಿಜಾ

ತಾ.ಕ.: ಈಗಲೂ ನಾನು ಸ್ನಾನಕ್ಕೆ ಹೋದ ಕೂಡಲೇ ಇವರು ಪೇಪರ್ ಹಿಡಿದು ಹೊರಗಿನ ಮೆಟ್ಟಿಲಿಗೆ ಹೋಗುತ್ತಾರೆ. ಪೂಜೆ ಮುಗಿಯುವವರೆಗೆ ಬರುವುದಿಲ್ಲ. ಒಳಗೇ ಇರಿ ಎಂದರೆ, "ಇರ್ಲಿ, ಇಲ್ಲೆ ಗಾಳಿ ಚೊಲೊ ಅದ" ಎನ್ನುತ್ತಾರೆ. ನಿನ್ನೆ ಮಳೆ ಹನಿಯುತ್ತಿತ್ತು. ನಾನು ಬಾಗಿಲನ್ನು ಪೂರ್ತಿ ತೆರೆದಿಟ್ಟು, ಅದರ ಎದುರಿಗೇ ಮಣೆ ಹಾಕಿಕೊಂಡು ಕೂತೆ. ಕಣ್ಣು ಲಿಂಗದ ಮೇಲೆ, ಕಿವಿ ಹೊರಗೆ. ಎಷ್ಟೋ ದಿನದ ಮೇಲೆ ಮತ್ತೆ ಕಾಯುತ್ತಿದ್ದೆ. ಹೆಜ್ಜೆ ಹೊಸ್ತಿಲವರೆಗೆ ಬಂತು. ಕೈ ಚಾಚಿ, ನನಗೆ ಸದ್ದಾಗಬಾರದೆಂದು ಮೆಲ್ಲಗೆ, ಹೊರಗಿನಿಂದ ಬಾಗಿಲು ಎಳೆದುಕೊಂಡರು.