ಮಾತಿಲ್ಲದ ನಾಲ್ಕು ಪುಟ

ಮಾತ್ಸುಮೊಟೊ
೧೪ ನವೆಂಬರ್ ೨೦೦೬

ಪ್ರೀತಿಯ ಶಿಗೆಕೊ,

ನಾವು ಬೇರೆಯಾಗಿ ಹದಿನೈದು ವರ್ಷವಾದ ಮೇಲೆ ನನ್ನ ಅಕ್ಷರ ಕಂಡು ನೀನು ಹುಬ್ಬು ಗಂಟಿಕ್ಕಿರುತ್ತೀಯ. ಓದಿ ಮುಗಿಸುವವರೆಗೆ ಹರಿಯಬೇಡ. ಇದಕ್ಕಿಂತ ಹೆಚ್ಚು ಕೇಳಲು ನನಗೆ ಮುಖವಿಲ್ಲ.

ಕಳೆದ ಭಾನುವಾರ ಇಲ್ಲಿನ ಗ್ರಂಥಾಲಯದಲ್ಲಿ ನಮ್ಮ 'ಉಪ್ಪಿನ ಹಾದಿ'ಯನ್ನು ಮತ್ತೆ ತೋರಿಸಿದರು. ಸಿನಿಮಾಕ್ಕೆ ಇಪ್ಪತ್ತೈದು ತುಂಬಿತಂತೆ. ಆಮೇಲೆ ಚರ್ಚೆಯಿತ್ತು: ಯಾವುದು ಮೇಲು, ನೀನು ಬರೆದ ಕಾಮಿಕ್ಸೋ, ಅದರಿಂದ ನಾನು ಮಾಡಿದ ಆನಿಮೇಷನ್ನೋ? ಎಂದಿನಂತೆ ವೇದಿಕೆಯ ಮೇಲೆ ನಗುತ್ತ ಕೂತಿದ್ದೆ.

ಹಾನ್ಯು ಎಂಬ ಗ್ರಂಥಪಾಲಕಿ ಎದ್ದಳು. ಇನ್ನೂ ಚಿಕ್ಕ ವಯಸ್ಸು. "ಪುಸ್ತಕದಲ್ಲಿ ಒಸಾಯೊ ಉಪ್ಪು ಹೊತ್ತು ಬೆಟ್ಟ ದಾಟಿ ವಾಪಸ್ ಬರ್ತಾಳೆ, ಅಮ್ಮ ಸತ್ತಿರ್ತಾಳೆ. ಬಾಗಿಲಲ್ಲಿ ನಿಂತ್ಕೊಳ್ತಾಳೆ, ಕಥೆ ಮುಗೀತು. ಸಿನಿಮಾದಲ್ಲಿ ಅಮ್ಮನ ಹುಲ್ಲಿನ ಚಪ್ಪಲಿ ಮೆಟ್ಕೊಂಡು ಬಾವಿಗೆ ಹೋಗಿ ನೀರು ತರ್ತಾಳಲ್ಲ, ಮಾತಿಲ್ಲ, ಸಂಗೀತ ಇಲ್ಲ... ಅದು ಬರೆದವರಿಗೆ ಹೊಳೀಲೇ ಇಲ್ಲ, ಪಾಪ. ಅದಕ್ಕೇ ಸಿನಿಮಾನೇ ಮೇಲು" ಎಂದಳು.

ಹಿಂದಿನ ಸಾಲಿನಿಂದ ಒಬ್ಬ ಮುದುಕ ರೇಗಿದ. "ಏನಮ್ಮ ಮಾತಾಡ್ತೀಯ! ಸಿನಿಮಾ ನೋಡಿ ಅತ್ತು ಮೂಗೊರೆಸ್ಕೊಂಡು ಮನೆಗೆ ಹೋಗ್ಬಹುದು. ಪುಸ್ತಕದಲ್ಲಿ ಆ ಹುಡುಗಿ ಬಾಗಿಲಲ್ಲೇ ನಿಂತ್ಬಿಟ್ಟಿದಾಳೆ. ಅವಳನ್ನ ಬಿಟ್ಟು ಎಲ್ಲಿಗೆ ಹೋಗ್ಲಿ ನಾನು?"

ಅವನ ಮಾತು ಕೇಳಿ ಒಂದು ಕ್ಷಣ ಹಗುರಾದೆ, ಶಿಗೆಕೊ. ಹಾಗಾದರೆ ನನ್ನಿಂದ ಪುಸ್ತಕಕ್ಕೆ ಒಳ್ಳೆಯದೇ ಆಯಿತಲ್ಲ ಅನ್ನಿಸಿತು. ಆ ನೆಮ್ಮದಿಯ ಬಗ್ಗೆ ಈಗಲೂ ನಾಚಿಕೆಯಾಗುತ್ತಿದೆ.

ಯಾಕೆಂದರೆ ಆ ಚಪ್ಪಲಿ, ಬಾವಿ, ನೀರು ಎಲ್ಲ ನೀನು ಬರೆದದ್ದೇ. ನಿನ್ನ ಅಮ್ಮ ತೀರಿಕೊಂಡ ಚಳಿಗಾಲದಲ್ಲಿ ಒಂದೂ ಮಾತಿಲ್ಲದೆ ಬರೆದ ನಾಲ್ಕು ಪುಟ. ಕೊನೆಯ ಕಂತನ್ನು ಪ್ರಕಾಶಕರಿಗೆ ತಲುಪಿಸಿದವನು ನಾನು. ಸಂಪಾದಕ ಕುರೊಯಿವಾ ಅವರು ಆ ಪುಟಗಳನ್ನು ನೋಡಿ "ಇವು ಸತ್ತ ಪುಟ, ಮಾತಿಲ್ಲದ್ದನ್ನ ಯಾರು ಓದ್ತಾರೆ" ಎಂದು ಎಸೆದರೆಂದು ನಿನಗೆ ಹೇಳಿದೆ.

ಅವರು ಹಾಗೆ ಹೇಳಲಿಲ್ಲ. ಆ ಪುಟಗಳನ್ನು ಅವರು ನೋಡಲೇ ಇಲ್ಲ. ಸಂಚಿಕೆಯಲ್ಲಿ ಜಾಗ ಸಾಲದು, ನಾಲ್ಕು ಪುಟ ಕಡಿಮೆ ಮಾಡಿ ಕೊಡಿ ಎಂದಷ್ಟೇ ಕೇಳಿದರು. ಹೊರಗಿನ ಬೆಂಚಿನ ಮೇಲೆ ಕೂತು ಆ ನಾಲ್ಕನ್ನು ತೆಗೆದವನು ನಾನು.

ಅಂದಿನಿಂದ ನಿನ್ನ ಪುಟಗಳಲ್ಲೆಲ್ಲ ಮಾತು ತುಂಬಿಕೊಂಡಿತು. ಯಾವ ಪಾತ್ರವೂ ಸುಮ್ಮನಿರುತ್ತಿರಲಿಲ್ಲ. ಇನ್ನೆರಡು ಪುಸ್ತಕ ಬರೆದು ನೀನು ಕುಂಚವನ್ನೇ ಕೆಳಗಿಟ್ಟುಬಿಟ್ಟೆ. ಕುರೊಯಿವಾ ಸತ್ತಾಗ ಅಂತ್ಯಕ್ರಿಯೆಯಲ್ಲಿ ಧೂಪ ಹಾಕಲೂ ನೀನು ಹೋಗಲಿಲ್ಲ. "ನೀನೇ ಹೋಗಿ ಬಾ, ನನಗೆ ಆ ಮನುಷ್ಯನ ಮುಖ ನೋಡೋದು ಬೇಡ" ಎಂದೆ. ನಾನು ಹೋಗಿ ಬಂದೆ.

ಸಿನಿಮಾದ ಮೊದಲ ಪ್ರದರ್ಶನ ನೆನಪಿದೆಯೇ? ಚಪ್ಪಲಿಯ ದೃಶ್ಯ ಬಂದಾಗ ನೀನು ನನ್ನ ಕೈ ಹಿಡಿದು, "ಅವರು ಎಸೆದಿದ್ದನ್ನ ನೀನು ಉಳಿಸಿಕೊಟ್ಟೆ ಕಣೋ" ಎಂದು ಅತ್ತೆ. ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ನಿನ್ನ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ, ಅಷ್ಟೇ. ಆಮೇಲೆ ಪತ್ರಿಕೆಗಳು ಆ ಮೂರು ನಿಮಿಷದ ದೃಶ್ಯಕ್ಕಾಗಿಯೇ ನನ್ನನ್ನು ಹೊಗಳಿದವು. ಒಬ್ಬರನ್ನೂ ತಿದ್ದಲಿಲ್ಲ.

ಭಾನುವಾರ ಆ ಹುಡುಗಿಯ "ಪಾಪ" ಎಂಬ ಮಾತು ತಡೆಯಲಾಗದೆ ಎದ್ದು ಎಲ್ಲವನ್ನೂ ಹೇಳಿದೆ. ಯಾರೂ ಬೈಯಲಿಲ್ಲ. ಹಾನ್ಯು ಮಾತ್ರ, "ಸರ್, ಇದು ಅವರಿಗೆ ಗೊತ್ತಾ?" ಎಂದು ಕೇಳಿದಳು. ಇನ್ನೂರು ಜನ ಅಪರಿಚಿತರಿಗೆ ಮೊದಲು ಹೇಳಿ, ನಿನಗೆ ಎರಡನೆಯದಾಗಿ ಹೇಳುತ್ತಿದ್ದೇನೆ. ಇದೂ ನನ್ನ ತಪ್ಪುಗಳಲ್ಲಿ ಒಂದು.

ಅಂದಿನಿಂದ ನನ್ನ ಬಳಿಯೇ ಇದ್ದ ಆ ಪುಟಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಅಂಚು ಹಳದಿಯಾಗಿದೆ, ಶಾಯಿ ಹಾಗೇ ಇದೆ. ಪುಸ್ತಕಕ್ಕೆ ಸೇರಿಸುತ್ತೀಯೋ, ಒಸಾಯೊಳನ್ನು ಬಾಗಿಲಲ್ಲೇ ನಿಲ್ಲಿಸುತ್ತೀಯೋ, ನಿನಗೆ ಬಿಟ್ಟದ್ದು. ಯಾವುದು ಮೇಲು ಎಂದು ಇನ್ನು ಯಾರಾದರೂ ಕೇಳಿದರೆ ನಾನು ನಗುವುದಿಲ್ಲ.

ನಿನ್ನ ಕ್ಷಮೆ ಕೇಳುವ ಧೈರ್ಯವಿಲ್ಲದ,
ಕಾನ್‌ಜಿ

ಮರೆಮಾಚಿದ್ದು ಇನ್ನೊಂದಿದೆ: ಯಾವ ನಾಲ್ಕು ಪುಟ ಎಂಬುದನ್ನು ಕುರೊಯಿವಾ ನನಗೇ ಬಿಟ್ಟಿದ್ದರು. ಬೆಟ್ಟ ಹತ್ತುವ ಪುಟಗಳೂ ನಾಲ್ಕೇ ಇದ್ದವು. ಅವನ್ನು ತೆಗೆದಿದ್ದರೆ ಕಥೆಗೆ ಏನೂ ಆಗುತ್ತಿರಲಿಲ್ಲ. ಆದರೆ ಅಲ್ಲಿನ ಹಿನ್ನೆಲೆಯ ಬಂಡೆ, ಪೈನ್ ಮರ, ಮಂಜು ನಾನು ಬರೆದದ್ದು. ನಿನ್ನ ಆ ನಾಲ್ಕು ಪುಟಗಳಲ್ಲಿ ನನ್ನ ಕೈಯ ಒಂದು ಗೆರೆಯೂ ಇರಲಿಲ್ಲ.